ರೈಲ್ವೆ ಎನ್‌ಟಿಪಿಸಿ ಪರೀಕ್ಷೆಯ ಶೇಕಡಾ ಮತ್ತು ಭಿನ್ನರಾಶಿ ಲೆಕ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಒಂದಷ್ಟು ಹುಡುಗ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಕಣ್ಣು ಮಾತ್ರ ರೈಲ್ವೆ ಕೆಲಸದ ಮೇಲೆ. ಎನ್‌ಟಿಪಿಸಿ ಅಂದರೆ ರೈಲ್ವೆಯ ತಾಂತ್ರಿಕೇತರ ಹುದ್ದೆಗಳ ಪರೀಕ್ಷೆ. ಪ್ರತಿ ಬ್ಯಾಚಿನಲ್ಲೂ ಅವೇ ಪ್ರಶ್ನೆಗಳು ಬರುತ್ತವೆ. ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಬಿಡುವು ಸಿಗುತ್ತದೆ ಎಂದು ಇಲ್ಲಿ ಹಾಕಿದ್ದೇನೆ.

ಪರೀಕ್ಷೆಯಲ್ಲಿ ಶೇಕಡಾ ಲೆಕ್ಕಕ್ಕೆ ಅಷ್ಟು ಬೆಲೆ ಇದೆಯಾ?

ಇದೆ. ಮೊದಲ ಹಂತದಲ್ಲಿ 100 ಪ್ರಶ್ನೆ, 90 ನಿಮಿಷ. ಅದರಲ್ಲಿ ಗಣಿತ 30, ರೀಸನಿಂಗ್ 30, ಸಾಮಾನ್ಯ ಜ್ಞಾನ 40. ಎರಡನೇ ಹಂತದಲ್ಲಿ 120 ಪ್ರಶ್ನೆ, ಸಮಯ ಅದೇ 90 ನಿಮಿಷ. ಅಲ್ಲಿ ಗಣಿತ 35.

ಪಠ್ಯಕ್ರಮದಲ್ಲಿ 'ಶೇಕಡಾವಾರು' ಒಂದೇ ಒಂದು ಸಾಲು, ನಿಜ. ಆದರೆ ಲಾಭ ನಷ್ಟ, ಸರಳ ಬಡ್ಡಿ, ಚಕ್ರಬಡ್ಡಿ ಇವೆಲ್ಲ ಶೇಕಡಾ ಲೆಕ್ಕಗಳೇ, ಅಂಗಿ ಬೇರೆ ಅಷ್ಟೇ. ಕೆಲಸ ಮತ್ತು ಕಾಲದ ಲೆಕ್ಕ ಅಂದರೆ ಭಿನ್ನರಾಶಿ. ಇದೊಂದು ಗಟ್ಟಿಯಾದರೆ ನಾಲ್ಕೈದು ಅಧ್ಯಾಯ ಒಟ್ಟಿಗೆ ಹಗುರವಾಗುತ್ತವೆ.

ಇನ್ನೊಂದು ಮಾತು. 90 ನಿಮಿಷವನ್ನು 100 ಪ್ರಶ್ನೆಗೆ ಹಂಚಿದರೆ ಒಂದಕ್ಕೆ 54 ಸೆಕೆಂಡು. ಎರಡನೇ ಹಂತದಲ್ಲಿ 45. ಕ್ಯಾಲ್ಕುಲೇಟರ್ ಇಲ್ಲ.

ಬರೀ ಅಂಕಿ ಕೊಟ್ಟರೆ ಮಾಡುತ್ತೇನೆ. ಮಾತಿನಲ್ಲಿ ಕೊಟ್ಟರೆ ತಲೆ ಕೆಡುತ್ತದೆ. ಯಾಕೆ?

800ರ ಶೇ 15 ಎಷ್ಟು ಎಂದರೆ ಎಲ್ಲರೂ 120 ಎನ್ನುತ್ತಾರೆ. ಗುಣಾಕಾರ ಬರುತ್ತದೆ ಎಂದಾಯಿತು. ಎಡವುವುದು ಅದಕ್ಕೂ ಮೊದಲೇ, 'ಯಾವುದರ ಶೇಕಡಾ?' ಎನ್ನುವಲ್ಲಿ. ನೂರು ಎಂದು ಯಾವುದನ್ನು ಹಿಡಿಯಬೇಕು ಎಂಬುದು ತಪ್ಪಿದರೆ ಮುಂದಿನದೆಲ್ಲ ಸರಿ ಮಾಡಿಯೂ ಉತ್ತರ ತಪ್ಪು.

ಒಂದು ಲೆಕ್ಕ ನೋಡಿ. ಅಕ್ಕನ ಸಂಬಳ ತಮ್ಮನ ಸಂಬಳಕ್ಕಿಂತ ಶೇ 25 ಜಾಸ್ತಿ. ಹಾಗಾದರೆ ತಮ್ಮನ ಸಂಬಳ ಅಕ್ಕನ ಸಂಬಳಕ್ಕಿಂತ ಶೇ ಎಷ್ಟು ಕಡಿಮೆ? ತರಗತಿಯಲ್ಲಿ ಕೇಳಿದರೆ ಒಟ್ಟಾಗಿ '25' ಎಂದು ಕೂಗುತ್ತಾರೆ. ತಮ್ಮನಿಗೆ 100 ಇಟ್ಟರೆ ಅಕ್ಕನಿಗೆ 125. ವ್ಯತ್ಯಾಸ 25 ನಿಜ. ಆದರೆ ಎರಡನೇ ಪ್ರಶ್ನೆಯಲ್ಲಿ ಹೋಲಿಸುತ್ತಿರುವುದು ಅಕ್ಕನ ಸಂಬಳದ ಜೊತೆ. 125ರಲ್ಲಿ 25 ಅಂದರೆ ಐದನೇ ಒಂದು, ಶೇ 20. ಅದೇ 25 ರೂಪಾಯಿ, ಕೆಳಗಿನ ಅಂಕಿ ಮಾತ್ರ ಬದಲಾಯಿತು.

ಇಲ್ಲಿ ಕನ್ನಡವೇ ನಮಗೆ ಒಂದು ಸಹಾಯ ಮಾಡುತ್ತದೆ. 'ಶೇ' ಎಂಬ ಪದದ ಎಡಕ್ಕೆ ನೋಡಿ. 'ತಮ್ಮನ ಸಂಬಳಕ್ಕಿಂತ ಶೇ 25', 'ಸಂಬಳದ ಶೇ 30', 'ಮಕ್ಕಳಲ್ಲಿ ಶೇ 60', 'ಕೊಂಡ ಬೆಲೆಯ ಮೇಲೆ ಶೇ 10'. ಗಿಂತ, ದ, ಅಲ್ಲಿ, ಮೇಲೆ. ಈ ಬಾಲ ಹೊತ್ತ ಪದವೇ ನಿಮ್ಮ ನೂರು. ಅದರ ಕೆಳಗೆ ಮನಸ್ಸಿನೊಳಗೇ ಒಂದು ಗೆರೆ ಎಳೆಯಿರಿ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಯಾಕೆ ಓದಿದೆವು ಎಂದು ಗೊಣಗುವವರಿಗೆ ನಾನು ತೋರಿಸುವುದು ಇದನ್ನೇ.

ಬಾಲ ಇರುವ ಪದವೇ ಇಲ್ಲದಿದ್ದರೆ? ಮೂರು ಕಡೆ ಅದು ಕಟ್ಟಿಟ್ಟದ್ದು. ಏರಿಕೆ ಇಳಿಕೆ ಎಂದರೆ ಹಳೆಯ ಬೆಲೆ ನೂರು. ಲಾಭ ನಷ್ಟ ಎಂದರೆ ಕೊಂಡ ಬೆಲೆ ನೂರು. ರಿಯಾಯಿತಿ ಎಂದರೆ ನಮೂದಿಸಿದ ಬೆಲೆ ನೂರು.

'ಶೇ 20ರಷ್ಟು' ಮತ್ತು 'ಶೇ 20ಕ್ಕೆ' ಎರಡೂ ಒಂದೇ ಅಲ್ವಾ?

ಅಲ್ಲವೇ ಅಲ್ಲ. 500 ರೂಪಾಯಿಯ ಬೆಲೆ ಶೇ 20ರಷ್ಟು ಇಳಿಯಿತು ಎಂದರೆ 100 ಹೋಯಿತು, 400 ಉಳಿಯಿತು. ಶೇ 20ಕ್ಕೆ ಇಳಿಯಿತು ಎಂದರೆ ಉಳಿದಿರುವುದೇ 100.

ಇದರ ಅಣ್ಣತಮ್ಮ ಇನ್ನೊಂದಿದೆ. ಶಾಲೆಯ ಫಲಿತಾಂಶ ಶೇ 40ರಿಂದ ಶೇ 50ಕ್ಕೆ ಏರಿತು. ಶೇ 10 ಏರಿತು ಎಂದು ಪತ್ರಿಕೆಯಲ್ಲೂ ಬರೆಯುತ್ತಾರೆ. ಏರಿದ್ದು 10 ಶೇಕಡಾವಾರು ಅಂಶ. ಶೇಕಡಾ ಏರಿಕೆ ಕೇಳಿದರೆ 40ರ ಮೇಲೆ 10, ಅಂದರೆ ಶೇ 25. ಆಯ್ಕೆಗಳಲ್ಲಿ 10 ಕೂಡ ಇಟ್ಟೇ ಇಟ್ಟಿರುತ್ತಾರೆ.

ಹಾಗೆಯೇ ಶೇ 200 ಜಾಸ್ತಿಯಾಯಿತು ಎಂದರೆ ಎರಡು ಪಟ್ಟಲ್ಲ, ಮೂರು ಪಟ್ಟು.

ಕನ್ನಡದಲ್ಲಿ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಬಹುದಾ? ತೆಗೆದುಕೊಂಡರೆ ಏನು ಗಮನಿಸಬೇಕು?

ತೆಗೆದುಕೊಳ್ಳಬಹುದು. ಆದರೆ ಅಭ್ಯಾಸವನ್ನೂ ಕನ್ನಡದ ಪ್ರಶ್ನೆಗಳಲ್ಲೇ ಮಾಡಿ. ಆರು ತಿಂಗಳು ಇಂಗ್ಲಿಷ್ ವಿಡಿಯೊ ನೋಡಿ ಪರೀಕ್ಷೆಯಲ್ಲಿ 'ಕ್ರಯ ಬೆಲೆ', 'ಅಸಲು', 'ನಮೂದಿತ ಬೆಲೆ' ಎಂದು ಕಂಡರೆ ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಹತ್ತು ಸೆಕೆಂಡು ಹೋಗುತ್ತದೆ. ಕ್ರಯ ಅಂದರೆ ಕೊಳ್ಳುವುದು, ವಿಕ್ರಯ ಅಂದರೆ ಮಾರುವುದು. ಇವೆರಡನ್ನು ತಿರುಗುಮುರುಗು ಮಾಡಿಕೊಂಡು ಲಾಭವನ್ನು ನಷ್ಟ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ.

ಜಾಸ್ತಿ ಕಾಡುವ ಪದ 'ಅನುಕ್ರಮವಾಗಿ'. ಇದಕ್ಕೆ ಎರಡು ಕೆಲಸ. 'ಇಬ್ಬರ ಅಂಕಗಳು ಅನುಕ್ರಮವಾಗಿ 60 ಮತ್ತು 70' ಎಂದರೆ ಮೊದಲನೆಯವರಿಗೆ 60, ಎರಡನೆಯವರಿಗೆ 70. 'ಅನುಕ್ರಮವಾಗಿ ಶೇ 10 ಮತ್ತು ಶೇ 20 ರಿಯಾಯಿತಿ' ಎಂದರೆ ಒಂದಾದ ಮೇಲೆ ಒಂದು, ಮೊದಲ ರಿಯಾಯಿತಿ ಕಳೆದು ಉಳಿದದ್ದರ ಮೇಲೆ ಎರಡನೆಯದು. ವಸ್ತು ಒಂದೇ ಇದ್ದರೆ ಎರಡನೇ ಅರ್ಥ ಹಿಡಿಯಿರಿ.

ಒಮ್ಮೆ ಎಲ್ಲಿಂದಲೋ ತಂದ ಅಣಕು ಪರೀಕ್ಷೆಯ ಹಾಳೆಯಲ್ಲಿ 'ಉಳಿದದ್ದರ 1/3' ಎಂಬುದು ಅನುವಾದದಲ್ಲಿ ಬರೀ '1/3' ಆಗಿಬಿಟ್ಟಿತ್ತು. ಇಡೀ ಬ್ಯಾಚು ಅರ್ಧ ಗಂಟೆ ನನ್ನ ಜೊತೆ ಜಗಳ ಆಡಿತು. ತಪ್ಪು ನನ್ನದೂ ಹೌದು, ಮೊದಲೇ ಬಿಡಿಸಿ ನೋಡಬೇಕಿತ್ತು.

ಯಾವ ಭಿನ್ನರಾಶಿಗಳನ್ನು ಬಾಯಿಪಾಠ ಮಾಡಬೇಕು?

ಬಾಯಿಪಾಠ ಎಂದರೆ ನನಗೆ ಅಷ್ಟಕ್ಕಷ್ಟೇ. ಆದರೂ ಇಲ್ಲಿ ಬೇಕು. 1/3 ಅಂದರೆ ಶೇ 33 ಮತ್ತು 1/3. 1/6 ಅಂದರೆ 16 ಮತ್ತು 2/3. 1/7 ಅಂದರೆ 14 ಮತ್ತು 2/7. 1/8 ಅಂದರೆ 12.5. 1/9 ಅಂದರೆ 11 ಮತ್ತು 1/9. 1/11 ಅಂದರೆ 9 ಮತ್ತು 1/11. 1/12 ಅಂದರೆ 8 ಮತ್ತು 1/3. 1/16 ಅಂದರೆ 6.25. ಒಂಬತ್ತು ಮತ್ತು ಹನ್ನೊಂದು ಒಂದಕ್ಕೊಂದು ಕನ್ನಡಿ ಹಿಡಿದ ಹಾಗಿವೆ, ಗಮನಿಸಿದಿರಾ?

ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ. ಸೇರಿನ ಕಾಲು ಭಾಗ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. 25, 12.5, 6.25 ಮೂರೂ ಅಲ್ಲೇ ಬಂದವು. ಹಳಬರು ವೀಸ ಎನ್ನುತ್ತಿದ್ದದ್ದೂ ಹದಿನಾರನೇ ಒಂದಕ್ಕೇ.

ಉಪಯೋಗ ಏನು? 640ರ ಶೇ 37.5 ಎಷ್ಟು ಎಂದು ಕೇಳುತ್ತಾರೆ. 37.5ರಿಂದ ಗುಣಿಸುತ್ತ ಕೂತರೆ 54 ಸೆಕೆಂಡೂ ಖರ್ಚು. 37.5 ಅಂದರೆ ಮೂರು ಅರೆಪಾವು, 3/8. 640ರ ಎಂಟನೇ ಒಂದು 80. ಮೂರು ಸಲ, 240. ಮುಗಿಯಿತು.

'ಉಳಿದದ್ದರಲ್ಲಿ' ಎಂದು ಬರುವ ಲೆಕ್ಕ ಯಾವಾಗಲೂ ತಪ್ಪುತ್ತದೆ. ಏನು ಮಾಡಲಿ?

ಖರ್ಚಿನ ಹಿಂದೆ ಹೋಗಬೇಡಿ. ಉಳಿಕೆಯ ಹಿಂದೆ ಹೋಗಿ.

ಒಬ್ಬ ಸಂಬಳದ 1/4 ಭಾಗ ಬಾಡಿಗೆಗೆ ಕೊಟ್ಟ. ಉಳಿದದ್ದರಲ್ಲಿ 1/3 ದಿನಸಿಗೆ. ಮತ್ತೆ ಉಳಿದದ್ದರಲ್ಲಿ 1/5 ಮಗಳ ಫೀಸಿಗೆ. ಕೊನೆಗೆ ಕೈಯಲ್ಲಿ 12,000 ರೂಪಾಯಿ. ಸಂಬಳ ಎಷ್ಟು?

ಬಾಡಿಗೆ ಕೊಟ್ಟ ಮೇಲೆ ಉಳಿದದ್ದು 3/4. ದಿನಸಿ ಆದ ಮೇಲೆ ಅದರ 2/3. ಫೀಸು ಆದ ಮೇಲೆ ಅದರ 4/5. ಮೂರನ್ನೂ ಗುಣಿಸಿ. 3/4 × 2/3 × 4/5 = 2/5. ಸಂಬಳದ ಐದರಲ್ಲಿ ಎರಡು ಪಾಲು 12,000. ಒಂದು ಪಾಲು 6,000. ಸಂಬಳ 30,000. ಪರೀಕ್ಷಿಸೋಣ: ಬಾಡಿಗೆ 7,500 ಹೋದರೆ 22,500. ದಿನಸಿ 7,500 ಹೋದರೆ 15,000. ಫೀಸು 3,000 ಹೋದರೆ 12,000. ಸರಿ ಇದೆ.

'ಉಳಿದದ್ದರಲ್ಲಿ' ಎಂಬುದನ್ನು ಓದದೆ ಮೂರೂ ಖರ್ಚನ್ನು ಸಂಬಳದಿಂದಲೇ ಕಳೆದರೆ ಏನಾಗುತ್ತದೆ? 1/4, 1/3, 1/5 ಕೂಡಿದರೆ 47/60. ಉಳಿಕೆ 13/60. 12,000ವನ್ನು 13ರಿಂದ ಭಾಗಿಸಬೇಕು, ಸರಿಯಾಗಿ ಹೋಗುವುದಿಲ್ಲ. ಇಂಥ ಲೆಕ್ಕದಲ್ಲಿ ಅಂಕಿ ಒರಟಾದರೆ ಮುಂದೆ ಹೋಗುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಕೂಡಬೇಕಾದ್ದನ್ನು ಗುಣಿಸಿರುತ್ತೀರಿ, ಇಲ್ಲವೇ ಗುಣಿಸಬೇಕಾದ್ದನ್ನು ಕೂಡಿರುತ್ತೀರಿ.

ಈ ಜಾತಿಯ ಲೆಕ್ಕ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಮುತ್ತಿನ ಹಾರ ಹರಿದು ಚೆಲ್ಲಿದ ಲೆಕ್ಕ ಕೊಟ್ಟಿದ್ದಾನೆ. ಅದರಲ್ಲೂ ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ ಎಂದು ಸಾಗುತ್ತದೆ. ಸಾವಿರ ವರ್ಷದ ಹಿಂದಿನ ಮಕ್ಕಳೂ ಇಲ್ಲೇ ಎಡವಿರಬೇಕು.

ಬೆಲೆ ಶೇ 20 ಏರಿ ಮತ್ತೆ ಶೇ 20 ಇಳಿದರೆ ಮೊದಲಿನಷ್ಟೇ ಆಗುವುದಿಲ್ಲ ಯಾಕೆ?

ಇಳಿಯುವಾಗ ನೂರು ಬೇರೆ. 100 ಏರಿ 120 ಆಯಿತು. ಈಗ ಇಳಿಯುವುದು 120ರ ಶೇ 20, ಅಂದರೆ 24. ಉಳಿದದ್ದು 96. ಶೇ 4 ನಷ್ಟ. ಭಿನ್ನರಾಶಿಯಲ್ಲಿ 6/5 × 4/5 = 24/25.

ಇದಕ್ಕೊಂದು ಸೂತ್ರ ಇದೆ, ಎಲ್ಲ ಕೋಚಿಂಗ್‌ನಲ್ಲೂ ಹೇಳಿಕೊಡುತ್ತಾರೆ: ಎರಡು ಶೇಕಡಾ ಕೂಡಿ, ಅವುಗಳ ಗುಣಲಬ್ಧವನ್ನು ನೂರರಿಂದ ಭಾಗಿಸಿ ಸೇರಿಸಿ. ತಪ್ಪಿಲ್ಲ. ಆದರೆ ಒಂದು ಏರಿಕೆ, ಒಂದು ಇಳಿಕೆ ಇದ್ದಾಗ ಮೈನಸ್ ಚಿಹ್ನೆ ಎಲ್ಲಿ ಹಾಕಬೇಕು ಎಂದು ಗಡಿಬಿಡಿಯಲ್ಲಿ ಮರೆಯುತ್ತಾರೆ. ಮೂರು ಬದಲಾವಣೆ ಬಂದರಂತೂ ಸೂತ್ರ ಕೈಕೊಡುತ್ತದೆ. ಗುಣಿಸುತ್ತ ಹೋಗುವ ದಾರಿಯೇ ನನಗೆ ಇಷ್ಟ.

ಅಂಗಡಿಯವನು ಕೊಂಡ ಬೆಲೆಗಿಂತ ಶೇ 40 ಜಾಸ್ತಿ ಬೆಲೆ ನಮೂದಿಸಿ, ಶೇ 25 ರಿಯಾಯಿತಿ ಕೊಟ್ಟ. ಲಾಭ ಎಷ್ಟು? 40ರಲ್ಲಿ 25 ಕಳೆದು 15 ಎನ್ನಬೇಡಿ. 7/5 × 3/4 = 21/20. ಇಪ್ಪತ್ತಕ್ಕೆ ಒಂದು, ಶೇ 5. ಹಬ್ಬದ ರಿಯಾಯಿತಿ ಬೋರ್ಡು ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಬೇಳೆ ಬೆಲೆ ಏರಿದರೆ ಬಳಕೆ ಎಷ್ಟು ಕಡಿಮೆ ಮಾಡಬೇಕು ಎನ್ನುವ ಲೆಕ್ಕಕ್ಕೆ ಸುಲಭ ದಾರಿ ಇದೆಯಾ?

ಭಿನ್ನರಾಶಿಯನ್ನು ಬೋರಲು ಹಾಕಿ. ಬೆಲೆ ಶೇ 25 ಏರಿತು ಎಂದರೆ 5/4 ಆಯಿತು. ಖರ್ಚು ಬದಲಾಗಬಾರದು ಎಂದರೆ ಬಳಕೆ 4/5 ಆಗಬೇಕು. ಅಂದರೆ 1/5 ಕಡಿಮೆ, ಶೇ 20. ಶೇ 10 ಏರಿದರೆ 11/10, ಬೋರಲು ಹಾಕಿದರೆ 10/11. ಬಳಕೆ 1/11 ಕಡಿಮೆ, ಶೇ 9 ಮತ್ತು 1/11.

ಇದನ್ನೇ ಉಲ್ಟಾ ಕೇಳುತ್ತಾರೆ. ಅಕ್ಕಿ ಬೆಲೆ ಶೇ 20 ಇಳಿದದ್ದರಿಂದ 1,000 ರೂಪಾಯಿಗೆ 5 ಕೆಜಿ ಜಾಸ್ತಿ ಬಂತು. ಹೊಸ ಬೆಲೆ ಎಷ್ಟು? ಬೆಲೆ 4/5 ಆದರೆ ಅಕ್ಕಿ 5/4 ಬರುತ್ತದೆ, ಕಾಲು ಭಾಗ ಜಾಸ್ತಿ. ಆ ಕಾಲು ಭಾಗವೇ 5 ಕೆಜಿ. ಹಾಗಾದರೆ ಮೊದಲು ಬರುತ್ತಿದ್ದದ್ದು 20 ಕೆಜಿ, ಈಗ 25. ಹೊಸ ಬೆಲೆ 1,000 ÷ 25 = 40 ರೂಪಾಯಿ. ಎಕ್ಸ್, ವೈ ಏನೂ ಬೇಕಾಗಲಿಲ್ಲ.

ದ್ರಾಕ್ಷಿ ಒಣಗಿದರೆ ಎಷ್ಟು ತೂಗುತ್ತದೆ ಎಂಬ ಲೆಕ್ಕ ತಲೆಗೆ ಹತ್ತುವುದಿಲ್ಲ.

ನೀರನ್ನು ಬಿಟ್ಟುಬಿಡಿ. ಒಣಗುವಾಗ ಹೋಗುವುದು ನೀರು, ಉಳಿಯುವುದು ತಿರುಳು. ಬದಲಾಗದ್ದನ್ನು ಹಿಡಿದುಕೊಳ್ಳಿ.

ಹಸಿ ದ್ರಾಕ್ಷಿಯಲ್ಲಿ ಶೇ 80 ನೀರು. ಒಣದ್ರಾಕ್ಷಿಯಲ್ಲಿ ಶೇ 20 ನೀರು. 100 ಕೆಜಿ ಹಸಿ ದ್ರಾಕ್ಷಿಯಿಂದ ಒಣದ್ರಾಕ್ಷಿ ಎಷ್ಟು? ಹಸಿಯಲ್ಲಿ ತಿರುಳು 20 ಕೆಜಿ. ಒಣಗಿದ ಮೇಲೂ ತಿರುಳು ಅದೇ 20 ಕೆಜಿ, ಆದರೆ ಈಗ ಅದು ಒಟ್ಟು ತೂಕದ ಶೇ 80. ಐದರಲ್ಲಿ ನಾಲ್ಕು ಪಾಲು 20 ಆದರೆ ಒಟ್ಟು 25 ಕೆಜಿ. '80ರಲ್ಲಿ 20 ಕಳೆದು 60, ಆದ್ದರಿಂದ 40 ಕೆಜಿ' ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ವಿಜಯಪುರದ ಕಡೆಯ ಮಕ್ಕಳು ಮಾತ್ರ ಇಲ್ಲಿ ಬೇಗ ಹಿಡಿಯುತ್ತಾರೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗುವುದನ್ನು ನೋಡಿದವರಿಗೆ ತೂಕ ಹೇಗೆ ಕರಗುತ್ತದೆ ಎಂದು ಗೊತ್ತು.

ಪಾಸು, ಫೇಲು, ಚುನಾವಣೆ ಲೆಕ್ಕಗಳು?

ಇವು ಸುಲಭ, ಹೆದರಬೇಡಿ. ಒಬ್ಬ ಶೇ 30 ಅಂಕ ತೆಗೆದು 15 ಅಂಕದಿಂದ ಫೇಲಾದ. ಇನ್ನೊಬ್ಬಳು ಶೇ 40 ತೆಗೆದಳು, ಪಾಸಾಗಲು ಬೇಕಿದ್ದಕ್ಕಿಂತ 35 ಜಾಸ್ತಿ. ಇಬ್ಬರ ನಡುವೆ ಶೇ 10 ಅಂತರ, ಅಂಕದಲ್ಲಿ 15 + 35 = 50. ಒಟ್ಟು 500, ಪಾಸು 165.

ಚುನಾವಣೆಯಲ್ಲಿ ಇಬ್ಬರೇ ಅಭ್ಯರ್ಥಿಗಳು. ಶೇ 10 ಮತ ತಿರಸ್ಕೃತ. ಗೆದ್ದವರಿಗೆ ಸಿಂಧು ಮತಗಳಲ್ಲಿ ಶೇ 60. ಅಂತರ 1,800. 'ಸಿಂಧು ಮತಗಳಲ್ಲಿ', ನೋಡಿ, ಬಾಲ ಅಲ್ಲಿದೆ. 60ಕ್ಕೂ 40ಕ್ಕೂ ಅಂತರ 20. ಶೇ 20 ಅಂದರೆ 1,800, ಸಿಂಧು ಮತ 9,000. ಅದು ಒಟ್ಟಿನ ಶೇ 90. ಚಲಾವಣೆಯಾದದ್ದು 10,000.

ಊರಿನಲ್ಲಿ 'ನೂರಕ್ಕೆ ಎರಡು ರೂಪಾಯಿ ಬಡ್ಡಿ' ಎನ್ನುತ್ತಾರಲ್ಲ, ಅದೂ ಶೇ 2 ತಾನೇ?

ತಿಂಗಳಿಗೆ ಶೇ 2. ವರ್ಷಕ್ಕೆ 24. ಹತ್ತು ಸಾವಿರಕ್ಕೆ ವರ್ಷಕ್ಕೆ 2,400 ರೂಪಾಯಿ. ಪರೀಕ್ಷೆಯಲ್ಲಿ 'ವಾರ್ಷಿಕ ಶೇ 2' ಎಂದರೆ ಅದೇ ಹತ್ತು ಸಾವಿರಕ್ಕೆ ಬರೀ 200. ಊರಿನ ಭಾಷೆ ಕಿವಿಯಲ್ಲಿ ಕೂತಿದ್ದರೆ ಇಲ್ಲಿ ಜೋಪಾನ. ಸಾಲ ಮಾಡುವಾಗಲೂ ಜೋಪಾನ, ಆದರೆ ಅದು ಬೇರೆ ವಿಷಯ.

ಯಾವಾಗ 100 ಇಟ್ಟುಕೊಳ್ಳಬೇಕು?

ಬರೀ ಶೇಕಡಾ ಇದ್ದರೆ 100. ಭಿನ್ನರಾಶಿ ಇದ್ದರೆ ಛೇದಗಳ ಲಸಾಅ, ಅಂದರೆ ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. 1/4, 1/3, 1/5 ಕಂಡರೆ 60 ಇಟ್ಟುಕೊಳ್ಳಿ. ಪಾಲುಗಳೆಲ್ಲ ಪೂರ್ಣ ಸಂಖ್ಯೆಯಲ್ಲಿ ಬರುತ್ತವೆ.

ಗೊತ್ತಿಲ್ಲದ್ದಕ್ಕೆ ಸುಮ್ನೆ ಒಂದು ಉತ್ತರ ಒತ್ತಬಹುದಾ?

ಇದೂ ಒಂದು ಭಿನ್ನರಾಶಿ ಲೆಕ್ಕವೇ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 1/3 ಕಡಿತ, ಆಯ್ಕೆ ನಾಲ್ಕು. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಒತ್ತಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. 1 ಬಂತು, 1 ಹೋಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ, ಸಮಯ ಮಾತ್ರ ವ್ಯರ್ಥ. ಆದರೆ ಒಂದು ಆಯ್ಕೆ ತಪ್ಪು ಎಂದು ಖಾತ್ರಿಯಾದರೆ ಮೂರರಲ್ಲಿ ಒಂದು ಸರಿ, ಎರಡು ತಪ್ಪು. 1ರಲ್ಲಿ 2/3 ಹೋಗಿ ಮೂರು ಪ್ರಶ್ನೆಗೆ 1/3 ಲಾಭ. ಎರಡು ಆಯ್ಕೆ ತೆಗೆದುಹಾಕಿದರೆ ಎರಡು ಪ್ರಶ್ನೆಗೆ 2/3 ಲಾಭ. ಆದ್ದರಿಂದ ಪ್ರಶ್ನೆ 'ಒತ್ತಬಹುದಾ' ಎಂಬುದಲ್ಲ, 'ಎಷ್ಟನ್ನು ತೆಗೆದುಹಾಕಬಲ್ಲೆ' ಎಂಬುದು.

ಭಿನ್ನರಾಶಿ ಲೆಕ್ಕದಲ್ಲಿ ತೆಗೆದುಹಾಕುವುದು ಸಲೀಸು. ತರಗತಿಯ ಮಕ್ಕಳಲ್ಲಿ 3/7 ಭಾಗ ಹುಡುಗಿಯರು, ಹುಡುಗರು ಅವರಿಗಿಂತ 20 ಮಂದಿ ಜಾಸ್ತಿ. ಒಟ್ಟು ಎಷ್ಟು? ಆಯ್ಕೆಗಳು 120, 135, 140, 150. ಅರ್ಧ ಹುಡುಗಿ ಎಂದು ಇರುವುದಿಲ್ಲ, ಒಟ್ಟು 7ರಿಂದ ಭಾಗವಾಗಲೇಬೇಕು. ಭಾಗವಾಗುವುದು 140 ಒಂದೇ. ಲೆಕ್ಕ ಮಾಡಿ ನೋಡಿದರೂ ಅದೇ: 4/7ಕ್ಕೂ 3/7ಕ್ಕೂ ಅಂತರ 1/7, ಅದು 20.

ನನ್ನ ಅಣಕು ಪರೀಕ್ಷೆಯಲ್ಲಿ 45 ಸರಿ, 15 ತಪ್ಪು. ಪಾಸಾ?

15 ತಪ್ಪಿಗೆ 5 ಅಂಕ ಹೋಗುತ್ತದೆ. ಉಳಿದದ್ದು 40. ಕನಿಷ್ಠ ಅರ್ಹತೆ ಸಾಮಾನ್ಯ ವರ್ಗಕ್ಕೂ ಇಡಬ್ಲ್ಯುಎಸ್‌ಗೂ (ಆರ್ಥಿಕವಾಗಿ ದುರ್ಬಲ ವರ್ಗ) ಶೇ 40, ಒಬಿಸಿ ಮತ್ತು ಎಸ್‌ಸಿಗೆ 30, ಎಸ್‌ಟಿಗೆ 25. ಯಾವ ವರ್ಗವಾದರೂ ಹೊಸ್ತಿಲು ದಾಟಿದ್ದೀರಿ. ಆದರೆ ಮುಂದಿನ ಹಂತಕ್ಕೆ ಕರೆಯುವ ಕಟ್‌ಆಫ್ ಬೇರೆ, ಅದು ಪೈಪೋಟಿಯ ಮೇಲೆ ನಿಲ್ಲುತ್ತದೆ. ಆ 15 ತಪ್ಪುಗಳ ಪಟ್ಟಿ ಮಾಡಿ ತನ್ನಿ. ಗುಣಾಕಾರ ತಪ್ಪಿ ಹೋದದ್ದೆಷ್ಟು, 'ಯಾವುದರ' ಎಂದು ಓದದೆ ಹೋದದ್ದೆಷ್ಟು, ಬೇರೆ ಬೇರೆ ಬರೆಯಿರಿ. ನಾಳೆ ಸಂಜೆ ಎರಡನೇ ಪಟ್ಟಿಯಿಂದ ಶುರು ಮಾಡೋಣ.